ದೂರದವರ ಪದಕ

ಎಲ್ಲಕ್ಕೂ ಮೂಲ ನಿಯಮಾವಳಿಯ ಏಳನೆಯ ಕಲಮು. ಸ್ಪರ್ಧೆ ನಡೆಯುವ ಊರಿನಿಂದ ಮುನ್ನೂರು ಕಿಲೋಮೀಟರಿಗಿಂತ ದೂರ ಇರುವ ಸದಸ್ಯರು ಮನೆಯಲ್ಲೇ ಒಂಬತ್ತು ಅಂತಸ್ತಿನ ಇಸ್ಪೀಟೆಲೆ ಗೋಪುರ ಕಟ್ಟಿ, ಸಂಬಂಧಿಕರಲ್ಲದ ಇಬ್ಬರು ಸಾಕ್ಷಿಗಳ ಎದುರು ಐದು ನಿಮಿಷ ನಿಲ್ಲಿಸಿದರೆ ಅವರಿಗೂ ಸಾಧನಾ ಪದಕ ಕೊಡಲಾಗುವುದು. ಎಲೆಗೋಪುರ ಸಂಘದಿಂದ ಈ ಹೊಸ ಕಲಮಿನ ಕಾಗದ ಬಂದ ದಿನ ವಾಚ್ ರಿಪೇರಿ ಮಾಡುವ ವಾಚಣ್ಣನಿಗೆ ಊಟ ಸೇರಲಿಲ್ಲ.

ವಯಸ್ಸು ನಲವತ್ತೊಂಬತ್ತು. ಇಷ್ಟು ವರ್ಷದಲ್ಲಿ ಒಂದು ಸಮಾಧಾನಕರ ಬಹುಮಾನವೂ ಅವನ ಪಾಲಿಗೆ ಬಂದಿರಲಿಲ್ಲ. ಸ್ಪರ್ಧೆಗೆಂದು ರಾಜಧಾನಿಗೆ ಹೋಗಿಬರಲು ಮೂರು ದಿನ ಅಂಗಡಿ ಮುಚ್ಚಬೇಕು, ಅದು ಆಗದ ಮಾತು. ರಾಜಧಾನಿಯವರೋ, ಮನೆಯಿಂದ ನಡೆದುಕೊಂಡು ಬಂದು ವರ್ಷ ವರ್ಷ ಪದಕ ಹೊಡೆದುಕೊಂಡು ಹೋಗುತ್ತಿದ್ದರು. ಅವರ ಫೋಟೋ ನೋಡಿ ನೋಡಿ ವಾಚಣ್ಣ ಇಪ್ಪತ್ತು ವರ್ಷ ಹೊಟ್ಟೆ ಉರಿದುಕೊಂಡಿದ್ದ. ಈ ಪದಕ ಅವನಿಗೆ ಬೇಕೇ ಬೇಕಿತ್ತು.

ಸಾಕ್ಷಿಗಳಿಬ್ಬರಿಗೂ ಒಟ್ಟಿಗೆ ಬಿಡುವಾದದ್ದು ಕೊನೆಯ ದಿನ. ಸಂಜೆ ಐದರೊಳಗೆ ವಿಡಿಯೋ ಕಳಿಸಬೇಕು. ವಾಚಣ್ಣ ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅಂಗಡಿಯ ಗೋಡೆ ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಫ್ಯಾನಿನ ಸ್ವಿಚ್ಚಿಗೆ ಹೆಂಡತಿಯನ್ನು ಕಾವಲು ಹಾಕಿ, ಮೂರು ಪ್ಯಾಕು ಎಲೆ ಬಿಚ್ಚಿದ. ಎಂಟನೆಯ ಅಂತಸ್ತು ಮುಗಿಯುವ ಹೊತ್ತಿಗೆ ಮೊದಲ ಸಾಕ್ಷಿ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಬಾಗಿಲನ್ನು ದಡಾರನೆ ತಳ್ಳಿಕೊಂಡು ಬಂದರು. ಬೀದಿಯ ಗಾಳಿಯೂ ಅವರ ಹಿಂದೆಯೇ ಒಳಗೆ ಬಂತು.

"ಶುರು ಮಾಡಿಲ್ವಾ ಇನ್ನೂ?" ಎಂದರು ಮೇಷ್ಟ್ರು, ನೆಲದ ತುಂಬ ಹರಡಿದ್ದ ಎಲೆಗಳನ್ನು ನೋಡಿ.

ವಾಚಣ್ಣ ಬೈಗುಳ ನುಂಗಿಕೊಂಡು ಎಲೆ ಆರಿಸತೊಡಗಿದ. ಬೈದಿದ್ದರೆ ಸಾಕ್ಷಿಗಳಲ್ಲಿ ಒಬ್ಬರು ಕಡಿಮೆಯಾಗುತ್ತಿದ್ದರು.

ಎರಡನೆಯ ಸಲ ಒಂಬತ್ತೂ ಅಂತಸ್ತು ಎದ್ದು ನಿಂತವು. ಕೊನೆಯ ಎಲೆ ಕೂತದ್ದೇ ತಡ, ಎರಡನೆಯ ಸಾಕ್ಷಿಯಾದ ಎದುರಿನ ಮೆಡಿಕಲ್ ಶಾಪಿನವನು ಸಂತೋಷ ತಡೆಯಲಾರದೆ ಜೋರಾಗಿ ಚಪ್ಪಾಳೆ ಹೊಡೆದ. ಗೋಪುರ ಸದ್ದಿಲ್ಲದೆ ಮಲಗಿತು.

"ತಪ್ಪಾಯ್ತಣ್ಣ, ಕೈ ತಾನಾಗೇ ಹೋಗ್ಬಿಡ್ತು."

"ಆ ಕೈನ ಜೇಬಲ್ಲಿ ಇಟ್ಕೊಳ್ಳಿ," ಎಂದಳು ವಾಚಣ್ಣನ ಹೆಂಡತಿ, ಸ್ವಿಚ್ಚಿನ ಹತ್ತಿರದಿಂದಲೇ. "ಇವರು ರಾತ್ರಿ ನಿದ್ದೆಯಲ್ಲೂ ಎಲೆ ಪೇರಿಸ್ತಾ ಇದ್ದಾರೆ. ಇವತ್ತು ಆಗ್ಲಿಲ್ಲ ಅಂದ್ರೆ ನನ್ನ ಗತಿ ಏನು?"

ಮೂರನೆಯ ಸಲ ಎಲೆ ಹಿಡಿದಾಗ ಮೂರೂವರೆ. ಮೇಷ್ಟ್ರಿಗೆ ಬಂದ ಕೆಮ್ಮನ್ನು ಕರವಸ್ತ್ರ ತುರುಕಿ ಅಡಗಿಸಲಾಯಿತು. ವಾಚು ಕೇಳಲು ಬಂದ ಗಿರಾಕಿಯನ್ನು ಹೆಂಡತಿ ಕಣ್ಣಲ್ಲೇ ಗದರಿಸಿ ವಾಪಸು ಕಳಿಸಿದಳು. ನಾಲ್ಕು ಮೂವತ್ತೆಂಟಕ್ಕೆ ಗೋಪುರ ನಿಂತಿತು. ಐದು ನಿಮಿಷ ಆ ಕೋಣೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಸಾಕ್ಷಿಗಳು ಸಹಿ ಹಾಕಿದರು, ವಿಡಿಯೋ ಹೋಯಿತು. ವಾಚಣ್ಣನ ಕಣ್ಣಲ್ಲಿ ನೀರು ಬಂತು.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಸಂಘದ ಕಾರ್ಯದರ್ಶಿ. ಎಲ್ಲರಿಗೂ ಕೇಳಲೆಂದು ವಾಚಣ್ಣ ಸ್ಪೀಕರ್ ಹಾಕಿದ.

"ಗೋಪುರ ಬಹಳ ಚೆನ್ನಾಗಿದೆ. ಆದ್ರೆ ಪದಕ ಕೊಡೋಕೆ ಬರಲ್ಲ. ನೀವೀಗ ದೂರದವರಲ್ಲ."

"ಅಂದ್ರೆ? ನಾನು ಎಲ್ಲೂ ಹೋಗಿಲ್ವಲ್ಲ, ಇಲ್ಲೇ ಇದ್ದೀನಿ."

"ನೀವು ಅಲ್ಲೇ ಇದ್ದೀರಿ, ಸ್ಪರ್ಧೆ ನಿಮ್ಮ ಹತ್ರ ಬಂದಿದೆ. ಇನ್ಮುಂದೆ ನಿಮ್ಮೂರಲ್ಲೇ ನಡೆಸೋದು ಅಂತ ಇವತ್ತು ಬೆಳಿಗ್ಗೆ ತೀರ್ಮಾನ ಆಯ್ತು. ನಿಮ್ಮೂರಿನ ಒಬ್ಬ ಮೇಷ್ಟ್ರು ಬರೆದಿದ್ದ ಕಾಗದ ಓದಿ ನಮಗೆಲ್ಲ ಕರುಳು ಚುರುಕ್ ಅಂತು."

ವಾಚಣ್ಣ ಮೇಷ್ಟ್ರ ಕಡೆ ತಿರುಗಿದ. ಅವರ ಮುಖ ಬೆಳಗುತ್ತಿತ್ತು. "ನಾಲ್ಕು ಪುಟ ಬರೆದೆ," ಎಂದರು ಮೆಲ್ಲಗೆ. "ನಿಮ್ಮ ಸಂಕಟ ನೋಡೋಕಾಗ್ಲಿಲ್ಲ. ಹೇಳದೇ ಮಾಡಿದ್ರೆ ಚೆನ್ನ ಅಂತ ಸುಮ್ಮನಿದ್ದೆ."

ವಾಚಣ್ಣ ಫೋನನ್ನು ಬಾಯಿಯ ಹತ್ತಿರ ತಂದು ಕೇಳಿದ, "ಹಾಗಾದ್ರೆ ಸ್ಪರ್ಧೆಗೇ ನನ್ನ ಹೆಸರು ಬರ್ಕೊಳ್ಳಿ ಸಾರ್."

"ಅದು ಹೇಗಾಗತ್ತೆ? ತೀರ್ಪುಗಾರರು ಸ್ಪರ್ಧಿಸೋ ಹಾಗಿಲ್ಲ. ಊರಲ್ಲಿ ಈ ವಿದ್ಯೆ ಬಲ್ಲವರು ನೀವೊಬ್ಬರೇ ಅಂತ ಅದೇ ಕಾಗದದಲ್ಲಿತ್ತು. ಕಾಯಂ ತೀರ್ಪುಗಾರರು ನೀವೇ. ನಿಮ್ಮ ಕೆಲಸ ಈಗಲೇ ಶುರು. ಹನ್ನೆರಡು ಜನ ದೂರದವರ ಪದಕಕ್ಕೆ ವಿಡಿಯೋ ಕಳಿಸಿದ್ದಾರೆ, ನೋಡಿ ಒಪ್ಪಿಗೆ ಕೊಡಿ."

"ಯಾರು ಹನ್ನೆರಡು ಜನ?"

"ಇನ್ಯಾರು, ನಮ್ಮ ರಾಜಧಾನಿಯವರು. ನಿಮ್ಮೂರಿಂದ ಅವರಿಗೀಗ ನಾನೂರು ಕಿಲೋಮೀಟರಲ್ವಾ?"

ಫೋನು ಟಿಣ್ ಟಿಣ್ ಎಂದು ಹನ್ನೆರಡು ಸಲ ಸದ್ದು ಮಾಡಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ವಾಚಣ್ಣನ ಪಕ್ಕದಲ್ಲಿ ಕೂತು, ಅವನ ಭುಜದ ಮೇಲೆ ಕೈಯಿಟ್ಟರು.

"ಸ್ವಲ್ಪ ಕನಿಕರದಿಂದ ನೋಡಿ ವಾಚಣ್ಣ. ದೂರ ಇರೋರ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"