ಸಿಂಬಳದ ಹುಳುವಿನ ಅರಿಶಿನ-ಕುಂಕುಮ

ಈಶಾ, ಓಂಕಾರ, ಕೇಳಿ. ಪುಣೆಯಲ್ಲಿ ಇಷ್ಟೊಂದು ಜನ ಇದ್ದಾರಲ್ಲ, ಅವರಲ್ಲಿ ಹುಳು ಬಿದ್ದ ಹೂಕೋಸೇ ಬೇಕೆಂದು ಹಟ ಹಿಡಿಯುವ ಹೆಂಗಸು ಒಬ್ಬಳೇ ಇರಬೇಕು. ಅವಳು ನಮ್ಮ ಮನೆಯಲ್ಲೇ ಇರಬೇಕೇ!

ನಿಮ್ಮ ಅಜ್ಜನ ತಂಗಿ, ನನ್ನ ನಾದಿನಿ, ನೀವು ಆತ್ಯಾಜ್ಜಿ ಎನ್ನುವವಳು. ಮದುವೆ ಬೇಡ ಎಂದಳು, ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದಳು. ಬೇರೆಯವರು ನಿವೃತ್ತರಾದರೆ ಭಜನೆಗೆ ಹೋಗುತ್ತಾರೆ. ಇವಳು ಸಮುದ್ರದ ತಳಕ್ಕೆ ಹೋದಳು! ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮಾಲವಣದ ಕಡಲಲ್ಲಿ ಮುಳುಗುತ್ತಾಳೆ. ಮುತ್ತು ತರುತ್ತಾಳೆಯೇ? ಹವಳ ತರುತ್ತಾಳೆಯೇ? ಸಿಂಬಳದ ಹುಳುವಿನ ಫೋಟೊ ತರುತ್ತಾಳೆ. ಮಳೆಗಾಲದಲ್ಲಿ ಬಚ್ಚಲ ಗೋಡೆಗೆ ಅಂಟಿರುತ್ತದಲ್ಲ, ಅದರ ಬಣ್ಣ ಬಣ್ಣದ ಕಡಲ ನೆಂಟರು.

ನಾನೋ ಹಳ್ಳಿಯ ಶಾಲೆಯಲ್ಲಿ ಕಲಿತವಳು, ನಾಲ್ಕು ಜನರನ್ನು ಕಂಡರೆ ಸೆರಗು ಎಳೆದುಕೊಳ್ಳುವವಳು. ಇಂಥವಳ ಜೊತೆ ಪುಣೆಯ ಈ ಧನಕವಡಿಯಲ್ಲಿ ಒಂದೇ ಮನೆಯಲ್ಲಿ ಬಾಳುವುದೆಂದರೆ ದಿನಕ್ಕೊಂದು ನಾಚಿಕೆ.

ಅವಳ ಮುಳುಗುವ ಉಡುಪು ಕರಿ ರಬ್ಬರಿನದು, ಕೈಕಾಲು ಸಮೇತ ಇರುತ್ತದೆ. ಒಮ್ಮೆ ಅದನ್ನು ತೊಳೆದು ಬಾಲ್ಕನಿಯ ಸರಳಿಗೆ ತೂಗುಹಾಕಿದಳು. ಬೆಳಗಿನ ನಸುಕಿನಲ್ಲಿ ಹಾಲಿಗೆ ಹೊರಟ ಕೆಳಮನೆಯ ಹೆಂಗಸು, ನಮ್ಮೆಲ್ಲರ ಕಾಕು, ಮೇಲೆ ನೋಡಿದ್ದಾರೆ. ಯಾರೋ ನೇಣು ಹಾಕಿಕೊಂಡಿದ್ದಾರೆಂದು ಕೂಗಿ ಅರ್ಧ ಸೊಸೈಟಿಯನ್ನು ಎಬ್ಬಿಸಿದರು. ವಾಚ್‌ಮನ್ ಕೋಲು ಹಿಡಿದು ನಮ್ಮ ಬಾಗಿಲಿಗೆ ಬಂದ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನಾದಿನಿ ಮಾತ್ರ ಅವನಿಗೆ ಶಾಂತವಾಗಿ, ಇನ್ನೂ ಹಸಿ ಇದೆ, ಕೋಲಿನಿಂದ ತಿವಿದು ತೂತು ಮಾಡಬೇಡಪ್ಪ ಎಂದಳು.

ಇನ್ನು ಹೂಕೋಸು. ಹರಿದಾಡುವ ಸಣ್ಣ ಜೀವದ ಫೋಟೊ ತೆಗೆಯಲು ಕೈ ಪಳಗಬೇಕಂತೆ. ಕಡಲು ದೂರ, ಅದಕ್ಕೆ ಮನೆಯಲ್ಲಿ ಹೂಕೋಸಿನ ಹುಳುವಿನ ಮೇಲೆ ಅಭ್ಯಾಸ! ನನ್ನನ್ನೂ ಸಂತೆಗೆ ಕರೆದುಕೊಂಡು ಹೋಗಿ, ಹುಳು ಇರುವುದನ್ನೇ ಆರಿಸಿ ಕೊಡು ಎಂದು ತರಕಾರಿಯವನನ್ನು ಮರಾಠಿಯಲ್ಲಿ ಕೇಳಿದಳು. ತನ್ನ ತರಕಾರಿಯಲ್ಲಿ ಹುಳುವೇ ಇಲ್ಲವೆಂದು ಜನ್ಮವಿಡೀ ಆಣೆ ಮಾಡಿದ ಆ ಮನುಷ್ಯನಿಗೆ ಎಷ್ಟು ಅವಮಾನವಾಗಿರಬೇಡ! ಈಗ ಪಳಗಿದ್ದಾನೆ. ನಾನೊಬ್ಬಳೇ ಹೋದರೂ ಸಂತೆಯ ಆ ತುದಿಯಿಂದಲೇ, ಆಜಿ, ನಿಮಗೊಂದು ಹುಳುಕಲು ಎತ್ತಿಟ್ಟಿದ್ದೇನೆ ಎಂದು ಕೂಗುತ್ತಾನೆ.

ರಾತ್ರಿ ಊಟದ ಹೊತ್ತಿಗೆ ಟೀವಿಯ ತುಂಬ ಒಂದು ಹುಳು. ಉಗುರಿನಷ್ಟಿರುವ ಜೀವವನ್ನು ಎಮ್ಮೆಯಷ್ಟು ಮಾಡಿ ತೋರಿಸುತ್ತಾಳೆ. ತಲೆಯ ಮೇಲೆ ಎರಡು ಕೊಂಬು, ಬೆನ್ನ ಮೇಲೆ ಹೂವಿನಂಥ ಗೊಂಚಲು; ಅದರಿಂದಲೇ ಉಸಿರಾಟ. ಕೊಂಬಿನ ತುದಿಯ ಬಣ್ಣ, ಮೈಯಂಚಿನ ಗೆರೆ ನೋಡಿ ಜಾತಿ ಗುರುತಿಸಬೇಕು. ಕಿತ್ತಳೆಯೋ ಕೇಸರಿಯೋ ಎಂದು ಪುಸ್ತಕ ತಿರುವುತ್ತ ತನ್ನೊಳಗೇ ಜಗಳವಾಡುತ್ತಾಳೆ, ಅನ್ನ ಆರುತ್ತದೆ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನಿಮ್ಮ ಅಜ್ಜ ಹೋಗಿ ವರ್ಷ ಕಳೆದ ಮೇಲೆ, ಈ ಸಂಕ್ರಾಂತಿಗೆ, ನಿಮ್ಮ ತಾಯಿ ಅರಿಶಿನ-ಕುಂಕುಮಕ್ಕೆ ಹೆಂಗಸರನ್ನು ಕರೆದಳು. ಆ ದಿನವಾದರೂ ಮನೆಯ ಮರ್ಯಾದೆ ಉಳಿಯಲಿ ಎಂಬುದೊಂದೇ ನನ್ನ ಆಸೆ. ಬಂದವರಿಗೆ ಇಲ್ಲಿ ಏನಾದರೊಂದು ಉಡುಗೊರೆ ಕೊಡುತ್ತಾರೆ, ಸ್ಟೀಲ್ ಬಟ್ಟಲೋ ಡಬ್ಬಿಯೋ. ಈ ಸಲದ್ದು ನನಗೆ ಬಿಡಿ ಎಂದಳು ನಾದಿನಿ. ಬಿಟ್ಟೆವು. ನಮ್ಮ ಬುದ್ಧಿ ಎಲ್ಲಿಗೆ ಹೋಗಿತ್ತೋ!

ತಂದದ್ದು ಬಟ್ಟೆಯ ಚೀಲಗಳು. ಒಂದೊಂದರ ಮೇಲೂ ಅಂಗೈಯಗಲದ ಹುಳು: ನೇರಳೆ ಮೈ, ಹಳದಿ ಅಂಚು.

ಮೊದಲ ಹೆಂಗಸು ಬರುವ ಮುಂಚೆಯೇ ನಾನು ಅಡುಗೆಮನೆ ಸೇರಿದ್ದೆ. ಒಳಗೆ ಹೋಗು ಎಂದು ಯಾರೂ ಅಂದಿರಲಿಲ್ಲ. ಹೊರಗೆ ಯಾರೋ, ಇದು ಯಾವ ಹೂವು ಎಂದು ಕೇಳಿದರು. ನಾದಿನಿ ಸ್ಪಷ್ಟವಾಗಿ, ಹೂವಲ್ಲ, ಸಮುದ್ರದ ಹುಳು, ಹೋದಲ್ಲೆಲ್ಲ ಲೋಳೆ ಬಿಡುತ್ತದೆ ಎಂದಳು. ನಾನು ಒಲೆಯ ಕಡೆ ತಿರುಗಿ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಅವಳೇ ಒಳಗೆ ಬಂದಳು.

"ವೈನಿ, ಹೊರಗ ಬರ್ರಿ. ಎಲ್ಲಾರೂ ನಿಮ್ಮನ್ನ ಕೇಳಲಿಕತ್ತಾರ."

"ನಾ ಬರಂಗಿಲ್ಲ. ನಿನ್ನ ಹುಳದ ಸಲುವಾಗಿ ಮಾರಿ ತೋರಸಲಿಕ್ಕೆ ನಾಚಿಗಿ ಬರತದ."

"ಹುಳದ ಸಲುವಾಗಿ ಅಲ್ಲ ಬಿಡ್ರಿ ಅದು," ಎಂದಳು.

ಅವಳು ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ನೆಲದ ಮೇಲೆ ಕುಳಿತಳು. ಒಂದು ಚೀಲವನ್ನು ನನ್ನ ತೊಡೆಯ ಮೇಲೆ ಹರವಿದಳು.

"ಇದಕ್ಕ ಮರಿ ಇದ್ದಾಗ ಮೈಮ್ಯಾಲೆ ಚಿಪ್ಪು ಇರತದ್ರಿ. ಆಮ್ಯಾಲೆ ಉದುರಿ ಹೋಗತದ. ಹೋತಂತ ಇದೇನು ಮೂಲ್ಯಾಗ ಕೂಡಂಗಿಲ್ಲ. ಇಷ್ಟ ಬಣ್ಣ ತೊಟ್ಟು ಎಲ್ಲಾರ ಮುಂದ ಅಡ್ಡಾಡತದ."

ಏಳಲು ಕೈ ಕೊಡಿ ಎಂದಳು. ಅವಳನ್ನು ಎಬ್ಬಿಸಲು ಹೋಗಿ ನಾನೂ ಎದ್ದೆ. ಹಿಡಿದ ಕೈಯನ್ನು ಅವಳು ಬಿಡಲೇ ಇಲ್ಲ, ಹಾಲ್‌ವರೆಗೂ.

ಅವತ್ತು ಚೀಲಗಳನ್ನು ನಾನೇ ಹಂಚಿದೆ. ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಕೆಳಮನೆಯ ಕಾಕು ಚೀಲದ ಜೊತೆ ನನ್ನ ಬೆರಳುಗಳನ್ನೂ ಹಿಡಿದು, ಇನ್ನು ಸಂಜೆ ಕೆಳಗೆ ಬಂದು ಕೂಡಿ ಎಂದರು. ಈಗ ದಿನಾ ಹೋಗುತ್ತೇನೆ.

ನಾದಿನಿಗೆ ಇದುವರೆಗೆ ನಾನು ಒಂದು ಒಳ್ಳೆಯ ಮಾತು ಆಡಿಲ್ಲ; ಬಾಯಿಗೆ ಬರುವುದೇ ಇಲ್ಲ. ಅದಕ್ಕೇ ಬರೆದೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಅವಳಿಗೆ ಓದಿ ಹೇಳುವುದಾದರೆ, ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಓದಿ.