ನಮ್ಮತ್ತೆಯ ಹಾಗಲಕಾಯಿ ಗಾಡಿ

ನಮ್ಮ ಅತ್ತೆಗೆ ತಲೆ ಕೆಟ್ಟಿದೆ ಎಂದು ಬಸವಕಲ್ಯಾಣದಲ್ಲಿ ಯಾರೂ ಹೇಳುವುದಿಲ್ಲ. ಹಾಗೆ ಅನ್ನಿಸುವುದಿಲ್ಲ ಎಂದಲ್ಲ, ಹೇಳುವ ಧೈರ್ಯ ಇಲ್ಲ. ಅರ್ಧ ಊರಿಗೆ ಗಣಿತ ಕಲಿಸಿದವಳು ಅವಳು. ಉಳಿದರ್ಧ ಊರು ಅವಳ ಹತ್ತಿರ ಕಲಿತವರನ್ನು ಮದುವೆಯಾಗಿದೆ. ಬಜಾರಿನಲ್ಲಿ ಅವಳನ್ನು ಕಂಡರೆ ತರಕಾರಿಯವನು ತಕ್ಕಡಿಯನ್ನು ಇನ್ನೊಂದು ಸಲ ಒರೆಸಿಕೊಳ್ಳುತ್ತಾನೆ. ಬ್ಯಾಂಕಿನ ಮ್ಯಾನೇಜರು, ತಲೆಯೆಲ್ಲ ನರೆತ ಮನುಷ್ಯ, ಕುರ್ಚಿಯಿಂದೆದ್ದು ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. ಮಗ್ಗಿ ಕೇಳಿಬಿಟ್ಟಾಳೆಂಬ ಭಯ ಇನ್ನೂ ಹೋಗಿಲ್ಲ.

ಇಂಥವಳು ನಿವೃತ್ತಿಯಾದ ಮೇಲೆ ಏನು ಮಾಡಬೇಕು ಹೇಳಿ? ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟಬಹುದು. ಮೊಮ್ಮಕ್ಕಳ ಕಿವಿ ಹಿಂಡಬಹುದು. ತೀರ್ಥಯಾತ್ರೆಗೆ ಹೋಗಿ ಅಲ್ಲಿಯ ಪೂಜಾರಿಗಳಿಗೆ ಶಿಸ್ತು ಕಲಿಸಬಹುದು. ನಮ್ಮ ಅತ್ತೆ ಒಂದು ಲಡಕಾಸಿ ಪಿಕಪ್ ಗಾಡಿ ಕೊಂಡಳು.

ಅದು ಸಿಕ್ಕಿದ್ದು ಮನ್ನಾಏಖೇಳ್ಳಿಯಲ್ಲಿ. ಸಂಬಂಧಿಕರ ಮನೆಯ ಬಸುರಿಯ ಕುಬುಸಕ್ಕೆ ಹೋಗಿ ಬಂದು ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ರಸ್ತೆಯಾಚೆ ಹೊಲದ ಬದುವಿನಲ್ಲಿ ಕುಂಬಳದ ಬಳ್ಳಿ ಗುಡ್ಡದಂತೆ ಹಬ್ಬಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು, "ಆ ಬಳ್ಳಿಗೆ ಕಣ್ಣ ಅದಾವ ನೋಡು" ಎಂದಳು. ಬಿಸಿಲು ತಲೆಗೆ ಹತ್ತಿತೇನೋ ಎಂದು ನಾನು ನೀರಿನ ಬಾಟಲಿ ಕೊಟ್ಟೆ. ಅದನ್ನು ನನ್ನ ಕೈಯಲ್ಲೇ ಬಿಟ್ಟು ರಸ್ತೆ ದಾಟಿದಳು. ನಿಜಕ್ಕೂ ಕಣ್ಣಿದ್ದವು. ಎಲೆಗಳ ಸಂದಿನಿಂದ ಎರಡು ಹೆಡ್‌ಲೈಟು ನಮ್ಮನ್ನೇ ನೋಡುತ್ತಿದ್ದವು. ಹಿಂದೆ ಸಾಮಾನು ಹೇರುವ ತೊಟ್ಟಿ, ಮುಂದೆ ಇಬ್ಬರು ಕೂರುವ ಸೀಟು, ನಡುವೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ ಒಂದು ಆಡು.

ಹೊಲದ ರೈತ ಬಂದರು. ಗಾಡಿ ಅವರ ತಂದೆ ಹರಾಜಿನಲ್ಲಿ ಹಿಡಿದದ್ದಂತೆ. "ಎತ್ತು ಇಳೀದ ಕೆಸರಿನ್ಯಾಗ ಇದು ಇಳೀತಿತ್ರಿ ಅಕ್ಕೋರ. ಬ್ಯಾರೆ ಗಾಡಿಗೆ ಎರಡೇ ಗಾಲಿ ಜೋರ್ ಹಚ್ತಾವ. ಇದಕ ನಾಕೂ ಗಾಲಿ ಜೋರ್ ಹಚ್ತಾವ."

"ನಾಕೂ ಗಾಲಿ?"

"ನಾಕೂರಿ."

"ಕರೀ ಮಣ್ಣಿನ್ಯಾಗೂ?"

"ಮಣ್ಣೇ ಹೆದರಿ ದಾರಿ ಬಿಡ್ತದ್ರಿ."

ಅತ್ತೆಯ ಮುಖದಲ್ಲಿ ಕಠಿಣ ಲೆಕ್ಕಕ್ಕೆ ಉತ್ತರ ಸಿಕ್ಕಾಗಿನ ಆ ಹಳೆಯ ಕಳೆ ಬಂತು. ನನಗೆ ಅಂಜಿಕೆಯಾಯಿತು. "ಕೊಡ್ತೀರೇನ್ರಿ ಇದನ್ನ?" ಎಂದಳು. ಆಡು ಕೇಳುತ್ತಿದ್ದಾಳೆಂದು ತಿಳಿದ ರೈತ ಅದರ ಹಲ್ಲು ತೋರಿಸಲು ಹೋದರು. ಗಾಡಿ ಎಂದು ತಿಳಿದಾಗ ಬಹಳ ಹೊತ್ತು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಒಪ್ಪಿದರು, ಆದರೆ ಒಂದು ಶರತ್ತು. "ಡ್ರೈವರ್ ಸೀಟಿನ ಮ್ಯಾಲ ಕೋಳಿ ಕಾವಿಗೆ ಕೂತದ್ರಿ. ಅದು ಏಳೂ ತನಕ ಗಾಡಿ ಹಂದಸೂದಿಲ್ಲ."

ಒಂದು ಕೋಳಿಯ ಬಾಣಂತನಕ್ಕಾಗಿ ನಮ್ಮ ಅತ್ತೆ ಕಾದಳು. ಊರಿನ ಮ್ಯಾನೇಜರುಗಳನ್ನು ನಿಲ್ಲಿಸಿ ಕಾಯಿಸುವವಳು, ದಿನಾ ಬೆಳಿಗ್ಗೆ ಫೋನು ಹಚ್ಚಿ, "ಎದ್ದಾಳೇನ್ರಿ? ಇನ್ನಾ ಇಲ್ಲಾ? ಇರ್ಲಿ, ಅವಸರ ಮಾಡಬ್ಯಾಡ್ರಿ" ಎನ್ನುತ್ತಿದ್ದಳು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾವ, ಸಾತ್ವಿಕ ಮನುಷ್ಯ, ಒಂದು ದಿನ ಮೆಲ್ಲಗೆ ಕೇಳಿದರು, "ಯಾರಿಗೆ ಅಷ್ಟು ಆರಾಮಿಲ್ಲ?"

ಮರಿಗಳು ಹೊರಬಿದ್ದ ಮೇಲೆ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಹುಮನಾಬಾದಿಗೆ ಎಳೆಸಿದೆವು. ಅಲ್ಲಿ ಹೈವೇ ಪಕ್ಕ ಒಂದು ವರ್ಕ್‌ಶಾಪ್ ಇದೆ. ಹಳೆಯ ಜೀಪುಗಳನ್ನು ಬಿಚ್ಚಿ, ಬೆಸೆದು, ಬೇಕಾದ ಹಾಗೆ ಹೊಸದಾಗಿ ಕಟ್ಟಿಕೊಡುತ್ತಾರೆ. ಜೀಪಿನ ಹುಚ್ಚಿನ ಹುಡುಗರು ದೂರದೂರದಿಂದ ಬರುತ್ತಾರೆ. ಮಾಲೀಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಮೆಹಂದಿ ಹಚ್ಚಿದ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ, ತಮ್ಮ ಕೈಗುಣದ ಬಗ್ಗೆ ಅಪಾರ ಗೌರವ.

ಉಸ್ತಾದರು ಗಾಡಿಯ ಸುತ್ತ ಸುತ್ತಿದರು, ಬಾನೆಟ್ಟಿಗೆ ಕಿವಿಯಿಟ್ಟರು. ತೊಟ್ಟಿಯೊಳಗೆ ಕಾಲಿಟ್ಟರು. ತುಕ್ಕು ತಿಂದ ತಗಡು ತೂತಾಗಿ ಮೊಣಕಾಲವರೆಗೆ ಒಳಗೆ ಹೋದರು. ಅದೇ ಭಂಗಿಯಲ್ಲಿ, ಏನೂ ಆಗಿಲ್ಲವೆಂಬಂತೆ ಘೋಷಿಸಿದರು. "ಇದರೊಳಗ ಜಾನ್ ಇನ್ನಾ ಅದ ಮೇಡಂ. ದೊಡ್ಡ ಟಯರ್, ಮ್ಯಾಲ ಸಾಲಾಗಿ ಲೈಟ್, ಗುಡುಗೋ ಸೈಲೆನ್ಸರ್. ನಿಮಗ ಇದನ್ನ ಶೇರ್ ಮಾಡಿ ಕೊಡ್ತೀನಿ, ಶೇರ್."

"ಹುಲಿ ಸಿಂಹ ಬ್ಯಾಡ್ರಿ. ಆಕಳ ಮಾಡಿ ಕೊಡ್ರಿ."

"ಆಕಳಾ?"

"ಹೌದ್ರಿ. ಎಲ್ಲಿ ಬೇಕಾದ್ರೂ ಹತ್ತಬೇಕು, ಯಾರನ್ನೂ ಹಾಯಬಾರದು."

ಉಸ್ತಾದರನ್ನು ತಗಡಿನಿಂದ ಬಿಡಿಸಿ ಕೂರಿಸಿ ಚಹಾ ಕುಡಿಸಬೇಕಾಯಿತು. ಕಾಲಿನ ನೋವಿಗಿಂತ ಆಕಳಿನ ನೋವು ಹೆಚ್ಚಾಗಿತ್ತು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಇಂಜಿನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರವಿದ್ದನ್ನು ಕಂಡಾಗ, ಇದು ಮತ್ತೆ ಒಂದಾಗುವುದುಂಟೇ ಎಂದು ನಾನು ಆಸೆ ಬಿಟ್ಟೆ. ನನ್ನದೊಂದು ಸ್ಟೇಷನರಿ ಅಂಗಡಿ. ವಾರವಾರ ಅದರ ಬಾಗಿಲೆಳೆದು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಮನಾಬಾದಿಗೆ ಹೋಗುವುದು ನನ್ನ ಹಣೆಬರಹ. ಅವಳು ಒಳಗೆ ಕಾಲಿಟ್ಟೊಡನೆ ಕೆಲಸಗಾರರು ಗುಟಕಾ ನುಂಗಿಬಿಡುತ್ತಿದ್ದರು. ಅವಳು ಟೀಚರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರ ಕಣ್ಣು ಯಾವ ಊರಿನಲ್ಲಾದರೂ ಗೊತ್ತಾಗುತ್ತದೆ.

ಬಣ್ಣದ ಪ್ರಸಂಗ ಕೇಳಿ. ಉಸ್ತಾದರು ಬಣ್ಣಗಳ ಕಾರ್ಡು ಹಿಡಿದರೆ ಅತ್ತೆ ಮೂಗು ಮುರಿದು ತನ್ನ ಚೀಲದಿಂದ ಒಂದು ಬದನೆಕಾಯಿ ತೆಗೆದಳು. ಎಳೆಯದು, ಮಿರಮಿರ ಮಿಂಚುವಂಥದು. "ಇದೇ ಬಣ್ಣ ಆಗಬೇಕು. ಸ್ಯಾಂಪಲ್ ಇಟ್ಕೋರಿ." ಮುಂದಿನ ವಾರ ಹೋದರೆ ಬಣ್ಣವೂ ಇಲ್ಲ, ಬದನೆಕಾಯಿಯೂ ಇಲ್ಲ.

"ಸ್ಯಾಂಪಲ್ ಎಲ್ರಿ?"

ಪೇಂಟರ್ ನೆಲ ನೋಡಿದ. ಉಸ್ತಾದರು ಗಡ್ಡ ನೀವಿಕೊಂಡರು. "ಬಾಡಾಕತ್ತಿತ್ತು ಮೇಡಂ. ಬಾಡಿದ್ರ ಬಣ್ಣ ಬದಲಾಗ್ತದಲ್ರೀ. ಹಂಗಂತ ಪಲ್ಯ ಮಾಡಿದ್ವಿ."

"ಹ್ಯಾಂಗಿತ್ತು?"

"ಬಹಳ ಛಲೋ ಇತ್ರಿ."

ಅತ್ತೆ ಚೀಲ ಮಡಚಿಕೊಂಡು ಹೊರಟಳು. ಮರುವಾರ ಹಾಗಲಕಾಯಿ ತಂದಳು. ಅದನ್ನು ಯಾರೂ ಮುಟ್ಟಲಿಲ್ಲ. ಹೀಗಾಗಿ ಗಾಡಿ ಇವತ್ತಿಗೂ ಹಾಗಲಕಾಯಿ ಬಣ್ಣದ್ದು.

ಊರಿನಲ್ಲಿ ಸುದ್ದಿಗೆ ಕಾಲು ಬಂದಿತ್ತು. ಟೀಚರ್ ಚುನಾವಣೆಗೆ ನಿಲ್ಲುತ್ತಾರೆ, ಅದು ಪ್ರಚಾರದ ಗಾಡಿ ಎಂದು ಕೆಲವರು. ಮಕ್ಕಳಿಗೆ ಗಾಡಿಯಲ್ಲೇ ಟ್ಯೂಷನ್ ಹೇಳುತ್ತಾರಂತೆ, ಓಡಿಹೋಗಲು ಆಗಬಾರದೆಂದು, ಎಂದು ಇನ್ನು ಕೆಲವರು. ನಾನು ಕೇಳಿದರೆ, "ಸಾಮಾನ್ ಹೇರೂದದ" ಎನ್ನುತ್ತಿದ್ದಳು. ಎಂಥ ಸಾಮಾನು? "ನಾಜೂಕು ಸಾಮಾನ." ಅಷ್ಟೇ.

ಆ ನಾಜೂಕು ಸಾಮಾನಿಗಾಗಿ ಉಸ್ತಾದರಿಗೂ ಅವಳಿಗೂ ದೊಡ್ಡ ಯುದ್ಧವೇ ನಡೆಯಿತು. ಗಾಡಿಯ ಹಿಂಭಾಗದ ಭಾರ ಹೊರಲು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರಲ್ಲ, ಆ ಸ್ಪ್ರಿಂಗನ್ನು ಉಸ್ತಾದರು ಮಜಬೂತಾಗಿ ಕಟ್ಟಿದ್ದರು. ಕಲ್ಲು ಹೇರಿದರೂ ಜಗ್ಗಬಾರದು. ಅತ್ತೆಗೆ ಜಗ್ಗುವ ಸ್ಪ್ರಿಂಗೇ ಬೇಕು. ಪರೀಕ್ಷೆಗೆಂದು ತಾಮ್ರದ ಕೊಡದ ತುಂಬ ಮಜ್ಜಿಗೆ ತಂದಳು. ಅದನ್ನು ತೊಟ್ಟಿಯಲ್ಲಿಟ್ಟು, ತಬ್ಬಿ ಕೂರಲು ನನ್ನನ್ನಿಟ್ಟಳು. ಉಸ್ತಾದರು ವರ್ಕ್‌ಶಾಪಿನ ಹಿಂದಿನ ಕಲ್ಲುದಾರಿಯಲ್ಲಿ ಗಾಡಿ ಓಡಿಸಿದರು. ಮರಳಿ ಬಂದಾಗ ಕೊಡದಲ್ಲಿ ಮಜ್ಜಿಗೆ ಇರಲಿಲ್ಲ, ನನ್ನ ಮೈಮೇಲೆ ಕರಿಬೇವಿತ್ತು.

"ಇನ್ನೊಂದು ಪಟ್ಟಿ ತಗೀರಿ" ಎಂದಳು ಅತ್ತೆ.

"ಮೇಡಂ, ನನ್ನ ಇಜ್ಜತ್ ಹೋಗ್ತದ. ನನ್ನ ಗಾಡಿ ಅಂದ್ರ ಜೀಪಿನಂಗ ಕುಣೀಬೇಕು."

"ನಿಮ್ಮ ಇಜ್ಜತ್ ಹೋಗೂದಿಲ್ರಿ, ಮಜ್ಜಿಗಿ ಹೋಗಾಕತ್ತದ."

ವಾರವಾರ ಒಂದು ಪಟ್ಟಿ ಕಡಿಮೆಯಾಯಿತು. ವಾರವಾರ ನಾನು ಮಜ್ಜಿಗೆಯಲ್ಲಿ ಮಿಂದೆ. ಸ್ಕೂಟರಿನ ಹಿಂದೆ ಹುಮನಾಬಾದಿನ ನಾಯಿಗಳು ಪ್ರೀತಿಯಿಂದ ಓಡಿ ಬರುತ್ತಿದ್ದವು. ಕೊನೆಗೊಂದು ದಿನ ಗಾಡಿ ಅದೇ ದಾರಿಯಲ್ಲಿ ದೋಣಿಯಂತೆ ತೇಲಿ ಬಂದು ನಿಂತಿತು. ಒಂದು ಹನಿಯೂ ತುಳುಕಿರಲಿಲ್ಲ. ಉಸ್ತಾದರು ಇಳಿದು, ಕೊಡಕ್ಕೆ ಕೈ ಹಾಕಿ, ಲೋಟ ತುಂಬಿ ಗಟಗಟ ಕುಡಿದು, "ಈಗ ಆಕಳ ಆತು" ಎಂದರು. ಸೋತವರಂತೆ ಹೇಳಲಿಲ್ಲ, ಆಕಳು ತಮ್ಮದೇ ವಿಚಾರ ಎಂಬಂತೆ ಹೇಳಿದರು.

ಈ ನಡುವೆ ಅತ್ತೆ ಡ್ರೈವಿಂಗ್ ಬೇರೆ ಕಲಿತಳು. ಕಲಿಸುವವನು ಅವಳ ಹಳೆಯ ವಿದ್ಯಾರ್ಥಿ. ಪಾಪ, "ಬ್ರೇಕ್ ಹಾಕ್ರಿ" ಎನ್ನುವ ಧೈರ್ಯವಿಲ್ಲದೆ, "ಟೀಚರ್, ಈಗ ಬ್ರೇಕ್ ಹಾಕಬಹುದಾ?" ಎಂದು ಅಪ್ಪಣೆ ಬೇಡುತ್ತಿದ್ದ. ಅವಳು ಯೋಚಿಸಿ ಉತ್ತರ ಕೊಡುವಷ್ಟರಲ್ಲಿ ಚೌಕಿನ ಬಾಳೆಹಣ್ಣಿನ ಬಂಡಿ ತಾನಾಗಿಯೇ ಪಕ್ಕಕ್ಕೆ ಸರಿದಿರುತ್ತಿತ್ತು. ಆದರೂ ಲೈಸೆನ್ಸು ಬಂತು. ಹೇಗೆ ಬಂತೆಂದು ಕೇಳಬೇಡಿ. ಬಂತು.

ಗಾಡಿ ಒಯ್ಯುವ ದಿನ ಉಸ್ತಾದರು ತಮ್ಮ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟರು. "ಇಷ್ಟು ದಿನ ಕೇಳಿಲ್ಲ ಮೇಡಂ. ಖರೇ ಹೇಳ್ರಿ, ಹಿಂದ ಹೇರೂದು ಏನು?"

ಅತ್ತೆ ಸೆರಗು ಸರಿಪಡಿಸಿಕೊಂಡಳು. "ನಮ್ಮ ಮನಿಯವರನ್ನ."

ನಾನು ನಕ್ಕೆ. ಉಸ್ತಾದರೂ ನಕ್ಕರು. ಅವಳು ನಗಲಿಲ್ಲ.

ವಿಷಯ ಇಷ್ಟು. ಮಾವನಿಗೆ ಮುಚ್ಚಿದ ಗಾಡಿ ಆಗಿಬರುವುದಿಲ್ಲ. ಬಸ್ಸಿರಲಿ, ಕಾರಿರಲಿ, ಕಿಟಕಿ ತೆರೆದಿರಲಿ, ಊರ ಗಡಿ ದಾಟುವುದರೊಳಗೆ ವಾಂತಿಯಾಗಿ ಸುಸ್ತಾಗಿ ಮಲಗಿಬಿಡುತ್ತಾರೆ. ಮೊದಲು ಸೈಕಲ್ ತುಳಿದು ಎಲ್ಲಿಗಾದರೂ ಹೋಗುತ್ತಿದ್ದರು. ಸೊಂಟ ಮುರಿದ ಮೇಲೆ ಸೈಕಲ್ಲೂ ಇಲ್ಲ, ಸ್ಕೂಟರೂ ಇಲ್ಲ. ಟ್ರ್ಯಾಕ್ಟರಿನ ಕುಲುಕಾಟವಂತೂ ಸಾಧ್ಯವೇ ಇಲ್ಲ. ಅವರನ್ನು ಎತ್ತಿ ಬೆಳೆಸಿದ ಅಕ್ಕ ಅವರ ಹುಟ್ಟೂರಿನಲ್ಲಿದ್ದಾರೆ. ಡಾಂಬರು ರಸ್ತೆಯಿಂದ ಒಡೆದು ಕರಿಮಣ್ಣಿನಲ್ಲಿ ಹೋಗಬೇಕಾದ ಊರು. ವರ್ಷಗಳಿಂದ ಅಕ್ಕ ತಮ್ಮನದು ಫೋನಿನಲ್ಲೇ ಭೇಟಿ. ಈಗ ಅಕ್ಕನ ಕಿವಿ ಮಂದವಾಗಿ ಅದೂ ಇಲ್ಲದಂತಾಗಿತ್ತು. ಮಾವ ಜೋರಾಗಿ ಕೂಗಿ ಕೂಗಿ, ಫೋನಿಟ್ಟು, ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರಂತೆ. ನಾವ್ಯಾರೂ ಅದನ್ನು ನೋಡಿರಲಿಲ್ಲ. ಅತ್ತೆ ನೋಡಿದ್ದಳು.

"ಮದಿವಿ ಆದ ಹೊಸದಾಗ ಎತ್ತಿನ ಚಕ್ಕಡ್ಯಾಗ ನನ್ನ ಅಲ್ಲಿಗೆ ಕರಕೊಂಡು ಹೋಗಿದ್ರು. ಬಯಲ ಗಾಳಿಗೆ ಕೂತ್ರ ಇವ್ರಿಗೆ ಏನೂ ಆಗೂದಿಲ್ರಿ. ದಾರಿ ತುಂಬ ಹಾಡ ಹೇಳಿದ್ರು" ಎಂದಳು ಅತ್ತೆ.

ಉಸ್ತಾದರು ಕೈಯೊಳಗಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಇವತ್ತ ಗಾಡಿ ಕೊಡೂದಿಲ್ಲ. ಅವರ ಎತ್ತರ ಎಷ್ಟದ ಹೇಳ್ರಿ. ಹಿಡಕೊಳ್ಳಾಕ ಕಂಬಿ ಹಚ್ಚಬೇಕು. ಹತ್ತಾಕ ಮೆಟ್ಟಲ ಬೇಕು. ಇಷ್ಟು ದಿನ ಹೇಳಬಾರದಾ ಮೇಡಂ? ನಾ ಮಜ್ಜಿಗಿ ಅಂತ ತಿಳಕೊಂಡಿದ್ದೆ."

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ದಾರಿ ಒಣಗಲೆಂದು ಕಾಯುವ ವಯಸ್ಸು ಅಕ್ಕನದಲ್ಲ. ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ಬಿಗಿದ ಕುರ್ಚಿಯ ಮೇಲೆ ಮಾವ, ಅವರ ಕಾಲ ಬಳಿ ನಾನು, ಸ್ಟೀರಿಂಗಿನ ಹಿಂದೆ ಅತ್ತೆ, ಹೊರಟೆವು. ಊರ ಗಡಿ ದಾಟಿತು. ಮಾವನಿಗೆ ಏನೂ ಆಗಲಿಲ್ಲ. ಕಂಬಿ ಹಿಡಿದು ತೊಗರಿ ಹೊಲಗಳನ್ನು ನೋಡುತ್ತಿದ್ದರು. ಕರಿಮಣ್ಣಿನ ದಾರಿಗೆ ಇಳಿದಾಗ ಅತ್ತೆ ಗೇರಿನ ಪಕ್ಕದ ಗಿಡ್ಡ ಕೋಲನ್ನು ಎಳೆದಳು. ನಾಲ್ಕೂ ಗಾಲಿ ಮಣ್ಣನ್ನು ಕಚ್ಚಿದವು. ಮೂರು ಮೋಟರ್‌ಸೈಕಲ್ಲು ಹೂತು ನಿಂತ ಜಾಗವನ್ನು ಹಾಗಲಕಾಯಿ ಗಾಡಿ ಗಂಭೀರವಾಗಿ ದಾಟಿತು. ಮಾವ ಗಂಟಲು ಸರಿಮಾಡಿಕೊಂಡದ್ದು ಕೇಳಿ ನಾನು ಗಾಬರಿಯಿಂದ ಪ್ಲಾಸ್ಟಿಕ್ ಚೀಲ ಹಿಡಿದೆ. ಅವರು ಹಾಡಲು ಶುರುಮಾಡಿದ್ದರು.

ಅಕ್ಕ ಪಡಸಾಲೆಯಲ್ಲಿ ಕೌದಿ ಹೊದ್ದು ಕೂತಿದ್ದರು. ಮಾವ ಹತ್ತಿರ ಕೂತು ಕೈ ಹಿಡಿದುಕೊಂಡರು. ಅಕ್ಕ ತಮ್ಮನ ಗದ್ದ, ಕೆನ್ನೆ, ಬೋಳು ತಲೆ ಎಲ್ಲ ಸವರಿ, ಗುರುತು ಹಿಡಿದು, ಹೇಳಿದರು.

"ಫೋನಿನ್ಯಾಗ ನೀ ಏನಂತಿದ್ದಿ, ನನಗ ಒಂದೂ ಕೇಳ್ತಿರಲಿಲ್ಲ ತಮ್ಮಾ. ಆದ್ರೂ ಹೂಂ ಹೂಂ ಅಂತಿದ್ದೆ. ಸುಮ್ಮನಾದ್ರ ನೀ ಇಟ್ಟುಬಿಡ್ತಿ ಅಂತ."

ಮಾವ ಅಕ್ಕನ ಕಿವಿಗೆ ಬಾಯಿ ಹಚ್ಚಿ, ಅಷ್ಟು ವರ್ಷದ ಸುದ್ದಿಯನ್ನು ಮೊದಲಿನಿಂದ ಹೇಳತೊಡಗಿದರು. ಸಂಜೆಯೊಳಗೆ ಮನೆ ಸೇರಲೇಬೇಕೆಂದು ದಾರಿಯುದ್ದಕ್ಕೂ ತಾಕೀತು ಮಾಡಿದ್ದ ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಇವತ್ತ ಹೋಗೂದು ಬ್ಯಾಡ. ಇನ್ನಾ ಭಾಳ ಹೇಳೂದದ ಅವ್ರಿಗೆ."