ಮೇಲ್ಮನೆಗೆ ಹೋದ ಬಸ್‌ಸ್ಟಾಪ್

ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಆಪ್ತ ಸಹಾಯಕನಾಗಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ನಗೆ ತಾನೇ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ನಮ್ಮ ಸಾಹೇಬರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕು ಸುತ್ತುವವರು. ಸದನದಲ್ಲಿ ಸರ್ಕಾರವನ್ನು ಪ್ರಶ್ನೆ ಕೇಳುವುದು ಅವರ ಕೆಲಸ. ಆ ಪ್ರಶ್ನೆ ಬರೆದುಕೊಡುವುದು ನನ್ನ ಕೆಲಸ. ಏನು ಬರೆಯಬೇಕು ಅಂತ ಹೇಳುವುದು ಮಾತ್ರ ನಾಲ್ಕು ತಾಲ್ಲೂಕಿನ ಅಷ್ಟೂ ಜನರ ಕೆಲಸ. ಅದನ್ನವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಎಮ್ಮೆಯ ಇಲಾಖೆ

ಕೊಳಾಲದ ಕಡೆಯ ರೈತರೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಬಂದು ಕೂತರು. ಪಕ್ಕದ ಮನೆಯವನು ಎಮ್ಮೆಯನ್ನು ರಸ್ತೆಯಲ್ಲೇ ಕಟ್ಟುತ್ತಾನಂತೆ, ಟ್ರ್ಯಾಕ್ಟರ್ ಹೋಗಲು ಜಾಗವಿಲ್ಲವಂತೆ.

"ಸದನದಾಗೆ ಒಂದು ಪ್ರಶ್ನೆ ಹಾಕ್ಸಿ ಸಾರ್. ಅವನಿಗೆ ಬುದ್ಧಿ ಬರ್ಲಿ."

"ಯಜಮಾನ್ರೇ, ಪ್ರಶ್ನೆ ಹಾಕೋಕೆ ಯಾವುದಾದ್ರೂ ಇಲಾಖೆಗೆ ಸೇರಿರಬೇಕು. ಇದು ಯಾವ ಇಲಾಖೆ ಅಂತ ಬರೀಲಿ?" ಅಂತ ತಪ್ಪಿಸಿಕೊಳ್ಳಲು ನೋಡಿದೆ.

ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಎಮ್ಮೆ ಪಶುಸಂಗೋಪನೆ. ರಸ್ತೆ ಲೋಕೋಪಯೋಗಿ. ಸಗಣಿ ಪಂಚಾಯ್ತಿ. ಎಮ್ಮೆ ಯಜಮಾನ ಮಾತ್ರ ಪೊಲೀಸು. ನಾಲ್ಕು ಮಂತ್ರಿಗಳ್ನೂ ಎಬ್ಬಿಸ್ಬೋದು ಸಾರ್!"

ಅಜ್ಜಿ ಬಂತು

ಇಂಥ ಪ್ರಶ್ನೆಗಳ ನಡುವೆ ಒಂದು ದಿನ ನಿಜವಾದ ಪ್ರಶ್ನೆಯೊಂದು ಬಂತು. ತಂದದ್ದು ಒಬ್ಬ ಅಜ್ಜಿ. ಊರು ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಬರುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಅಜ್ಜಿಯ ಮೊಮ್ಮಗಳು ಮಧುಗಿರಿಯಲ್ಲಿ ಪಿಯುಸಿ ಓದುತ್ತಿದ್ದಳು. ಬೆಳಗಿನ ಬಸ್ಸು ಹಿಂದೂಪುರದ ಕಡೆಯಿಂದಲೇ ತುಂಬಿಕೊಂಡು ಬರುತ್ತಿತ್ತು. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದ ಮೇಲಂತೂ ಅದರಲ್ಲಿ ಕಾಲಿಡಲು ಜಾಗವಿಲ್ಲ. ಇವರ ಊರಿನ ಸ್ಟಾಪ್ ಬಂತೆಂದರೆ ಡ್ರೈವರು ಆಚೆ ಕಡೆ ಹೊಲ ನೋಡುತ್ತಾ ಹೊರಟುಬಿಡುತ್ತಿದ್ದ.

"ದಿನಾ ಮೊದಲ್ನೇ ಪಿರೀಡು ಹೋಗ್ತೈತಪ್ಪಾ. ಹಾಜರಿ ಇಲ್ದಿದ್ರೆ ಪರೀಕ್ಸೆಗೆ ಕೂರ್ಸಲ್ಲ ಅಂತವ್ರೆ. ಅವ್ರಪ್ಪ ನೋಡುದ್ರೆ, ಈ ಬಸ್ಸಿನ ಸವಾಸ ಸಾಕು, ಕಾಲೇಜು ಬುಟ್ಟು ಮನೇಲಿರು ಅಂತವ್ನೆ. ಮಗಾ ರಾತ್ರಿಯೆಲ್ಲ ಅಳ್ತೈತೆ."

ಒಂದು ಬಸ್ಸು ಒಂದು ಗಳಿಗೆ ನಿಲ್ಲದ್ದಕ್ಕೆ ಒಂದು ಹುಡುಗಿಯ ಓದು ನಿಲ್ಲುವುದೇ? ಕೂಡಲೇ ಪ್ರಶ್ನೆ ಬರೆಯಲು ಕೂತೆ. ಸರ್ಕಾರಿ ಭಾಷೆಯಲ್ಲಿ, "ಸದರಿ ಗ್ರಾಮದಲ್ಲಿ ಬಸ್ಸು ನಿಲುಗಡೆಯಾಗದೆ ವಿದ್ಯಾರ್ಥಿನಿಯರಿಗೆ ಅನಾನುಕೂಲವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಬರೆದು ಗಟ್ಟಿಯಾಗಿ ಓದಿ ಹೇಳಿದೆ.

ಅಜ್ಜಿ ಗಂಭೀರವಾಗಿ ಕೇಳಿಸಿಕೊಂಡಿತು. ಆಮೇಲೆ ಅಂದಿತು: "ಬೋ ಚೆನ್ನಾಗೈತೆ ಕಣಪ್ಪ. ಈಗ ನಮ್ಮೂರ ಬಸ್ಸಿನ ವಿಸ್ಯ ಬರಿ."

ಖಾಕಿ ಕೈ

ಪ್ರಶ್ನೆ ಬೆಂಗಳೂರಿಗೆ ಹೋದರೂ ಉತ್ತರ ಬೆಂಗಳೂರಿನಲ್ಲಿ ಇರುವುದಿಲ್ಲ. ಅಲ್ಲಿಂದ ಅದು ಜಿಲ್ಲೆಗೆ ಇಳಿಯುತ್ತದೆ, ಜಿಲ್ಲೆಯಿಂದ ಇನ್ನೂ ಕೆಳಕ್ಕೆ ಇಳಿಯುತ್ತದೆ, ಕೊನೆಗೆ ಯಾರ ಕೆಳಗೆ ಯಾರೂ ಇಲ್ಲವೋ ಅವರ ಮೇಜಿನ ಮೇಲೆ ಕೂರುತ್ತದೆ. ಹಾಗೆ ಪ್ರಶ್ನೆ ಕೈಗೆ ಬಂದ ಬಸ್ ಡಿಪೋದ ಮೇಲ್ವಿಚಾರಕರೊಬ್ಬರು ನನಗೇ ಫೋನ್ ಮಾಡಿದರು.

"ಸಾರ್, ನಿಮ್ ಸಾಹೇಬ್ರು ಆ ಊರಾಗೆ ಬಸ್ ನಿಲ್ತದಾ ಅಂತ ಕೇಳವ್ರೆ. ನಿಲ್ತದಾ ಸಾರ್?"

"ನಿಲ್ಲಲ್ಲ ಅಂತಾನೇ ಕೇಳಿರೋದು ಕಣ್ರೀ!"

"ಫೋನಲ್ಲಿ ಕೇಳಿ ಅಂಗೆ ಬರೆಯಕಾಗಲ್ಲ ಸಾರ್. ನಾನೇ ಹೋಗಿ ನೋಡ್ತೀನಿ."

ಪ್ರಾಮಾಣಿಕ ಮನುಷ್ಯ. ಹೇಳಿದಂತೆ ಮರುದಿನ ಬೆಳಿಗ್ಗೆ ಆ ಸ್ಟಾಪಿಗೆ ಹೋಗಿ ನಿಂತರು. ಮೈಮೇಲೆ ಇಸ್ತ್ರಿ ಮಾಡಿದ ಖಾಕಿ ಸಮವಸ್ತ್ರ. ಬಸ್ಸು ಬಂತು. ಇವರು ಕೈ ಎತ್ತಿದರು. ಡ್ರೈವರು ಖಾಕಿ ಕಂಡವನೇ ಬ್ರೇಕು ತುಳಿದು, ಕೆಳಗಿಳಿದು ನಮಸ್ಕಾರವನ್ನೂ ಮಾಡಿದ. ಹೆಣ್ಣುಮಕ್ಕಳೆಲ್ಲ ಆರಾಮಾಗಿ ಹತ್ತಿದರು. ಮೇಲ್ವಿಚಾರಕರು ತೃಪ್ತಿಯಿಂದ ವರದಿ ಬರೆದರು: "ಖುದ್ದಾಗಿ ಪರಿಶೀಲಿಸಲಾಗಿದೆ. ಬಸ್ಸು ನಿಲ್ಲುತ್ತದೆ."

ಮಂತ್ರಿಗಳ ಉತ್ತರವೂ ಅದೇ ಆಗಿ ಬಂತು. ಓದಿ ನನ್ನ ಮೈ ಉರಿಯಿತು. ಅಜ್ಜಿಗೆ ಫೋನ್ ಮಾಡಿ ಹೇಳಿದರೆ ಅದಕ್ಕೆ ಸಿಟ್ಟೇ ಬರಲಿಲ್ಲ.

"ಸುಳ್ಳೇನಲ್ಲಪ್ಪ, ಅವತ್ತು ನಿಂತಿತ್ತು. ಆ ಖಾಕಿ ಅಯ್ಯನ್ನೇ ದಿನಾ ಕಳ್ಸಿಬುಡಿ. ಬೆಳಿಗ್ಗೆ ತಿಂಡಿ ನಮ್ಮನೇದೇ."

ಕಾರಿನೊಳಗೆ ಸದನ

ಲಿಖಿತ ಉತ್ತರ ಹೀಗಿದ್ದರೂ ಪ್ರಶ್ನೆ ಸದನದಲ್ಲಿ ಬಂದಾಗ ಸಾಹೇಬರು ಎದ್ದು ಉಪಪ್ರಶ್ನೆ ಕೇಳಬಹುದು. ಆ ಒಂದೇ ಅವಕಾಶದ ಮೇಲೆ ಹುಡುಗಿಯ ಕಾಲೇಜು ನಿಂತಿತ್ತು. ಹಾಗಾಗಿ ತುಮಕೂರಿನಿಂದ ಶಿರಾಕ್ಕೆ ಒಂದು ಮದುವೆಗೆ ಹೋಗುವಾಗ ಕಾರಿನಲ್ಲೇ ತಾಲೀಮು ಶುರುವಾಯಿತು. ಸಾಹೇಬರು ಸಾಹೇಬರೇ. ನಾನು ಸಭಾಪತಿ. ಕಾರಿನ ಡ್ರೈವರು ಮಂತ್ರಿ.

ಡ್ರೈವರು ಪಾವಗಡದ ಆಚೆಯವನು. ಮಾತು ಕನ್ನಡದಲ್ಲಿ ಹೊರಟರೂ ತೆಲುಗಿನಲ್ಲಿ ಹೋಗಿ ಮುಟ್ಟುತ್ತದೆ.

ಸಾಹೇಬರು ಗುಡುಗಿದರು: "ಮಾನ್ಯ ಸಭಾಪತಿಗಳೇ, ಬಸ್ಸು ನಿಲ್ಲೋದಿಲ್ಲ. ಮಂತ್ರಿಗಳು ಏನು ಕ್ರಮ ತಗೊಳ್ತಾರೆ?"

ಮಂತ್ರಿ ಗೇರು ಬದಲಾಯಿಸುತ್ತಾ ಹೇಳಿದ: "ಚೂಸ್ತಾಂ."

"ನೋಡೋಣ ಅಂದ್ರೆ? ಯಾವಾಗ ನೋಡ್ತೀರಿ?"

"ಚೂಸ್ತಾಂ ಅಂದ್ನಲ್ಲ ಸಾರ್, ಕೂಚೋಂಡಿ, ಕೂತ್ಕೊಳಿ."

"ಇದು ಬೇಜವಾಬ್ದಾರಿ ಉತ್ತರ! ಸ್ಪಷ್ಟವಾಗಿ ಹೇಳಿ!"

"ಬಜೆಟ್ ಲೇದು ಸಾರ್, ದುಡ್ಡಿಲ್ಲ," ಅಂದ ಮಂತ್ರಿ, ಹಾರ್ನ್ ಹೊಡೆದು.

ಸಾಹೇಬರ ಮುಖ ಕೆಂಪಾಯಿತು. ಇದು ತಾಲೀಮು ಅನ್ನುವುದು ಅವರಿಗೆ ಮರೆತೇಹೋಗಿತ್ತು. "ಗಾಡಿ ನಿಲ್ಸು! ನಾನು ಸಭಾತ್ಯಾಗ ಮಾಡ್ತೀನಿ!" ಎಂದು ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯಲ್ಲಿ ಇಳಿದು ಬಂದ ದಾರಿಗೇ ತಿರುಗಿ ಹೊರಟೇಬಿಟ್ಟರು. ಶಿರಾದ ಯಾರೋ ಸಾಬರು ಸ್ಕೂಟರ್ ನಿಲ್ಲಿಸಿ, "ಕ್ಯಾ ಹುವಾ ಸಾಬ್? ಗಾಡಿ ಖರಾಬಾಯ್ತಾ?" ಅಂತ ಕೇಳಿದರು. "ಗಾಡಿ ಅಲ್ಲ, ಸರ್ಕಾರ ಕೆಟ್ಟಿದೆ," ಅಂದರು ಸಾಹೇಬರು. ಅವರು ಅರ್ಧ ಫರ್ಲಾಂಗು ನಡೆದ ಮೇಲೆ ಮಂತ್ರಿಯೇ ರಿವರ್ಸ್ ಬಂದು ಬಾಗಿಲು ತೆಗೆದು ಹತ್ತಿಸಿಕೊಂಡ. ಸದನದ ಇತಿಹಾಸದಲ್ಲಿ ಅಂಥ ಮಂತ್ರಿ ಇನ್ನೊಬ್ಬ ಇರಲಾರ.

ಕೋರಿಕೆ ನಿಲುಗಡೆ

ನಿಜವಾದ ಮಂತ್ರಿಗಳು ಇದಕ್ಕಿಂತ ಚಾಲಾಕು. ಪ್ರಶ್ನೆ ಬಂದ ದಿನ ನಗುನಗುತ್ತಾ ಎದ್ದು, "ಅದು ಕೋರಿಕೆ ನಿಲುಗಡೆ. ಪ್ರಯಾಣಿಕರು ಕೋರಿದರೆ ಬಸ್ಸು ನಿಲ್ಲುತ್ತದೆ," ಅಂದುಬಿಟ್ಟರು.

ಇದಕ್ಕೆ ನಾನು ಏನೂ ಬರೆದುಕೊಟ್ಟಿರಲಿಲ್ಲ. ಗ್ಯಾಲರಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಸಾಹೇಬರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು.

"ಸಭಾಪತಿಗಳೇ, ಆ ಊರಿನ ಅಜ್ಜಿ ಒಬ್ಬರು ನನ್ನ ಹತ್ತಿರ ಬಂದಿದ್ದರು. ಅವರು ಕೈ ಅಡ್ಡ ಹಾಕಿ ಕೋರಿದ್ದಾರೆ. ಕೈ ಮುಗಿದು ಕೋರಿದ್ದಾರೆ. ಡ್ರೈವರನ ಮೂರು ತಲೆಮಾರು ಹಿಡಿದು ಬೈದೂ ಕೋರಿದ್ದಾರೆ. ಇನ್ನು ಯಾವ ನಮೂನೆಯಲ್ಲಿ ಕೋರಬೇಕು ಅಂತ ಮಂತ್ರಿಗಳೇ ಹೇಳಲಿ. ಅಲ್ಲೊಂದು ಹುಡುಗಿ ಓದು ಬಿಡ್ತಾ ಇದ್ದಾಳೆ."

ಸದನವೆಲ್ಲ ನಕ್ಕಿತು. ಕೊನೆಯ ಮಾತಿಗೆ ನಗು ನಿಂತಿತು. ಮಂತ್ರಿಗಳು ಕೂಡ ಕಡತ ಮುಚ್ಚಿಟ್ಟು, "ಕಾಲೇಜಿನ ಹೊತ್ತಿಗೆ ಆ ಊರಿಂದಲೇ ಒಂದು ಬಸ್ ಹೊರಡಿಸ್ತೀನಿ," ಅಂತ ಮಾತು ಕೊಟ್ಟರು. ನಾನು ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಲು ಹೋಗಿ ಮಾರ್ಷಲ್ ಕೈಲಿ ಬೈಸಿಕೊಂಡೆ.

ಊರಿನವರು ಮೊಬೈಲಿನಲ್ಲಿ ಇದನ್ನೆಲ್ಲ ನೋಡಿದ್ದರು. ಅಜ್ಜಿ ಸಂಭ್ರಮದಿಂದ ಫೋನ್ ಮಾಡುತ್ತದೆ ಅಂದುಕೊಂಡರೆ ಗಾಬರಿಯಲ್ಲಿ ಮಾಡಿತು: "ಬೈದಿದ್ ವಿಸ್ಯ ಯಾಕಪ್ಪಾ ಹೇಳುದ್ರಿ? ಯಾರು ಬೈದಿದ್ದು ಅಂತ ಆ ಡ್ರೈವರ್ರು ಇಷ್ಟು ದಿನ ಹುಡುಕ್ತಾ ಇದ್ದ!"

ಮೊದಲ ಬಸ್ಸು

ಬಸ್ಸು ಬಂದೇ ಬಂತು. ನಮ್ಮ ಕಡೆ ಊರಿಗೆ ಹೊಸ ಬಸ್ಸು ಬಂದರೆ ಮನೆಗೆ ಸೊಸೆ ಬಂದಂತೆ ನಡೆಸಿಕೊಳ್ಳುತ್ತಾರೆ. ಮುಂದೆ ಬಾಳೆಕಂದು ಕಟ್ಟಿದರು, ಕುಂಕುಮ ಹಚ್ಚಿದರು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಅಜ್ಜಿ ಆರತಿ ಎತ್ತಿತು. ಸಾಹೇಬರಿಗೆ ಸೇವಂತಿಗೆಯ ಭಾರೀ ಹಾರ ಹಾಕಿದರು. ಮೊದಲ ಪ್ರಯಾಣ ಸಾಹೇಬರೇ ಮಾಡಬೇಕು ಅಂತ ಊರಿನವರ ಒತ್ತಾಯ. ಮಧುಗಿರಿಯಲ್ಲಿ ಇಳಿದ ಮೇಲೆ ಬೇಕಾಗುತ್ತದೆಂದು ಕಾರನ್ನು ನಾನೇ ಮುಂದಾಗಿ ಕಳಿಸಿದೆ.

ಸಾಹೇಬರು ಮುಂದಿನ ಸೀಟಿನಲ್ಲಿ ಕೂತರು. ಅವರ ಪಕ್ಕ ಪಂಚಾಯ್ತಿ ಅಧ್ಯಕ್ಷರು. ಹಿಂದೆ ಸದಸ್ಯರು, ಮಾಜಿ ಸದಸ್ಯರು, ಮುಂದೆ ಸದಸ್ಯರಾಗಬೇಕು ಅಂತಿದ್ದವರು, ಫೋಟೋದವನು. ತಮಟೆಯವರು ತಮಟೆ ಸಮೇತ ಹತ್ತಿದರು. ಉಳಿದ ಜಾಗದಲ್ಲಿ ಊರಿನ ಹೆಂಗಸರು, ಹೇಗೂ ಪುಕ್ಕಟೆ ತಾನೆ, ಒಂದು ಸುತ್ತು ಹೋಗಿಬರೋಣ ಅಂತ. ನಾನೂ ಮೆಟ್ಟಿಲ ಮೇಲೆ ಜೋತುಬಿದ್ದೆ. ಕಂಡಕ್ಟರು ಸೀಟಿ ಊದಿದ.

ಕೆಳಗೆ ಮೊಮ್ಮಗಳು ಬ್ಯಾಗು ತಬ್ಬಿಕೊಂಡು ನಿಂತಿದ್ದಳು. ಜೊತೆಗೆ ಇನ್ನೂ ಕೆಲವು ಹುಡುಗಿಯರು. ಅವರಿಗೆ ಕಾಲಿಡಲು ಜಾಗವಿಲ್ಲ. ಅವಳ ಅಪ್ಪ ಕೈಕಟ್ಟಿಕೊಂಡು, "ನೋಡಿದ್ಯೇನವ್ವ? ನಾನ್ ಹೇಳಿರ್ಲಿಲ್ವಾ? ನಡಿ ಮನೆಗೆ," ಅಂದ. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಅಜ್ಜಿ ಆರತಿ ತಟ್ಟೆ ಹಿಡಿದುಕೊಂಡೇ ಸೀದಾ ಸಾಹೇಬರ ಕಿಟಕಿಯ ಹತ್ತಿರ ಬಂತು.

"ಸಾಮಿ, ನೀವು ಯಾವ ಕಾಲೇಜಿಗೆ ಹೋಗ್ತಾ ಇದೀರಾ?"

ತಮಟೆ ನಿಂತಿತು. ಸರ್ಕಾರವನ್ನು ಅಷ್ಟು ವರ್ಷ ಪ್ರಶ್ನೆ ಕೇಳಿದ ನಮ್ಮ ಸಾಹೇಬರು ಹಾರ ಸಮೇತ ಎದ್ದರು. ಮೆಟ್ಟಿಲ ಮೇಲಿದ್ದ ನನ್ನನ್ನು ಮೊದಲು ಇಳಿಸಿ ತಾವೂ ಇಳಿದರು. ಅವರು ಇಳಿದ ಮೇಲೆ ಅಧ್ಯಕ್ಷರು ಇಳಿಯದೆ ಆಗುತ್ತದೆಯೇ? ಸದಸ್ಯರು, ಮಾಜಿಗಳು, ತಮಟೆ, ಫೋಟೋ, ಎಲ್ಲ ಇಳಿಯಿತು. ಹೆಂಗಸರು ನಾಚಿಕೊಂಡು ಇಳಿದರು. ಹುಡುಗಿಯರು ಹತ್ತಿದರು. ಮೊಮ್ಮಗಳು ಸಾಹೇಬರ ಸೀಟಿನಲ್ಲೇ ಕೂತಳು. ಬಸ್ಸು ಹೊರಟಾಗ ಅವಳ ಅಪ್ಪ ಓಡಿಹೋಗಿ, ಅವಳು ಮರೆತಿದ್ದ ಊಟದ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟ.

ಧೂಳು ಇಳಿದ ಮೇಲೆ ಸಾಹೇಬರು, "ನಮ್ಮ ಕಾರೆಲ್ಲಯ್ಯಾ?" ಅಂದರು.

"ಮಧುಗಿರಿಯಲ್ಲಿದೆ ಸಾರ್. ತಮ್ಮನ್ನು ಸ್ವಾಗತಿಸೋಕೆ."

ಅಷ್ಟರಲ್ಲಿ ಹಿಂದೂಪುರದ ಕಡೆಯಿಂದ ಇನ್ನೊಂದು ಬಸ್ಸು ಬಂತು. ಸಾಹೇಬರು ಹಾರ ಸರಿಮಾಡಿಕೊಂಡು, ಮುಂದೆ ಬಂದು, ಘನತೆಯಿಂದ ಕೈ ಎತ್ತಿದರು. ಡ್ರೈವರು ಆಚೆ ಕಡೆಯ ಹೊಲ ನೋಡುತ್ತಾ ಬುರ್ರನೆ ಹೊರಟುಹೋದ. ಹಾರದ ಎಸಳೆಲ್ಲ ಗಾಳಿಗೆ ಉದುರಿತು.

ಅಜ್ಜಿ ಆರತಿ ತಟ್ಟೆ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಗಿಳಿಯಿತು.

"ಅಂಗೆಲ್ಲ ಕೈ ತೋರ್ಸುದ್ರೆ ನಿಲ್ಸಾಕಿಲ್ಲ ಸಾಮಿ. ಮುಂದಿನ್ ಬಸ್ಸಿಗೆ ಆ ಹಾರ ತೆಗೆದಿಟ್ಟು ರೋಡ್ ಮಧ್ಯಕ್ಕೆ ಬನ್ನಿ. ನೀವು ಅಡ್ಡ ನಿಂತ್ಕಳಿ, ಬೈಯೋದು ನಾನ್ ಬೈತೀನಿ."